ಬೇಡದ ಪುಸ್ತಕ, ಮಾತಿಲ್ಲದ ಅರ್ಧ ಗಂಟೆ: ‘ರಿಫಿಫಿ’ ಚಿತ್ರದ ಒಂದು ಪ್ರಕರಣ ಅಧ್ಯಯನ

ಮನಸ್ಸಿಗೆ ಹಿಡಿಸದ ಕೆಲಸವನ್ನು ಬೇರೆ ದಾರಿಯಿಲ್ಲದೆ ಒಪ್ಪಿಕೊಂಡವನು, ಅದನ್ನು ಕೆಡಿಸದೆ, ತನ್ನನ್ನೂ ಕೆಡಿಸಿಕೊಳ್ಳದೆ ಹೇಗೆ ಮುಗಿಸಬಹುದು? ಬರೆಯುವವರು, ಸಂಕಲನಕಾರರು, ಚಿತ್ರಕಥೆಗಾರರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಅದನ್ನು ಪರಿಶೀಲಿಸಲು 1955ರ ಫ್ರೆಂಚ್ ಅಪರಾಧ ಚಿತ್ರ ‘ದ್ಯು ರಿಫಿಫಿ ಶೇ ಲೆಜೋಮ್’, ಅಂದರೆ ಲೋಕವೆಲ್ಲ ‘ರಿಫಿಫಿ’ ಎಂದು ಕರೆಯುವ ಚಿತ್ರ, ತಯಾರಾದ ಬಗೆಯನ್ನು ಇಲ್ಲಿ ಒಂದು ಪ್ರಕರಣವಾಗಿ ತೆಗೆದುಕೊಂಡಿದ್ದೇನೆ. ಚಿತ್ರಕ್ಕಾಗಿ ದುಡಿದವರನ್ನು ಹೆಸರಿಸಿದ್ದೇನೆ. ನಿರ್ದೇಶಕನ ವಿರುದ್ಧ ಸಾಕ್ಷಿ ನುಡಿದವರು, ಅವನ ಅನ್ನಕ್ಕೆ ಕಲ್ಲು ಹಾಕಿದವರು ಮತ್ತು ಅವನಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳಲು ನೋಡಿದವರನ್ನು ಮಾತ್ರ ಹೆಸರಿಸದೆ ಅವರು ಮಾಡಿದ ಕೆಲಸದಿಂದಷ್ಟೇ ಗುರುತಿಸಿದ್ದೇನೆ. ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳಿಬಿಡುವುದೇ ಈ ಪ್ರಕರಣದ ನಂಜಾಗಿರುವುದರಿಂದ ನಾನೂ ಆ ಪಟ್ಟಿ ಹಿಡಿದು ಕೂರಬೇಕಾಗಿಲ್ಲ ಎನ್ನಿಸಿತು.

ಹಿನ್ನೆಲೆ

ಜೂಲ್ಸ್ ಡಾಸಿನ್ ಎಂಬ ಹೆಸರನ್ನು ನೋಡಿ ಆತನನ್ನು ಫ್ರೆಂಚನೆಂದು ತಿಳಿದವರು ಹಲವರು. ಆತ ಹುಟ್ಟಿದ್ದು 1911ರಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್‌ನಲ್ಲಿ, ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬವೊಂದರಲ್ಲಿ, ಬೆಳೆದದ್ದು ನ್ಯೂಯಾರ್ಕಿನಲ್ಲಿ. ‘ಬ್ರೂಟ್ ಫೋರ್ಸ್’ (1947), ‘ದಿ ನೇಕೆಡ್ ಸಿಟಿ’ (1948), ‘ಥೀವ್ಸ್ ಹೈವೇ’ (1949) ಚಿತ್ರಗಳಿಂದ ಹಾಲಿವುಡ್‌ನಲ್ಲಿ ಅವನಿಗೆ ಒಂದು ನೆಲೆ ಸಿಕ್ಕಿತ್ತು. ಊರಿನ ಬೀದಿಗಳನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸುವ ಅಭ್ಯಾಸ ಆಗಲೇ ಅವನ ಕೈಗೆ ಹತ್ತಿತ್ತು.

ಡಾಸಿನ್ 1930ರ ದಶಕದಲ್ಲಿ ಕಮ್ಯುನಿಸ್ಟ್ ಪಕ್ಷದಲ್ಲಿದ್ದವನು. 1939ರಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಒಪ್ಪಂದ ಮಾಡಿಕೊಂಡಾಗ ಹೊರಬಂದ. ಹತ್ತು ವರ್ಷಗಳ ನಂತರ ಆ ಹಳೆಯ ಸದಸ್ಯತ್ವವೇ ಕುತ್ತಿಗೆಗೆ ಬಂತು. ಕಮ್ಯುನಿಸ್ಟರೆಂಬ ಶಂಕೆಗೆ ಒಳಗಾದವರಿಗೆ ಹಾಲಿವುಡ್‌ನಲ್ಲಿ ಕೆಲಸ ಸಿಗದಂತೆ ಮಾಡುತ್ತಿದ್ದ ಕಪ್ಪುಪಟ್ಟಿಯ ನೆರಳು ಹತ್ತಿರವಾಗುತ್ತಿದ್ದಂತೆ ಸ್ಟುಡಿಯೊ ಮುಖ್ಯಸ್ಥ ಡ್ಯಾರಿಲ್ ಜಾನುಕ್ ಅವನನ್ನು ‘ನೈಟ್ ಅಂಡ್ ದಿ ಸಿಟಿ’ ಚಿತ್ರಕ್ಕಾಗಿ ಲಂಡನ್ನಿಗೆ ಕಳಿಸಿದ. ದುಬಾರಿ ದೃಶ್ಯಗಳನ್ನೇ ಮೊದಲು ಚಿತ್ರಿಸಿಬಿಡು, ಆಮೇಲೆ ನಿನ್ನನ್ನು ತೆಗೆದುಹಾಕುವುದು ಅವರಿಗೆ ನಷ್ಟದ ಬಾಬತ್ತಾಗುತ್ತದೆ ಎಂಬುದು ಜಾನುಕ್ ಹೇಳಿಕೊಟ್ಟ ಉಪಾಯ. ಚಿತ್ರ 1950ರಲ್ಲಿ ತೆರೆಗೆ ಬಂತು. ಮರುವರ್ಷ ಅಮೆರಿಕದ ಸಂಸದೀಯ ಸಮಿತಿಯೊಂದರ ಮುಂದೆ ಅವನದೇ ವೃತ್ತಿಯ ಇಬ್ಬರು, ಇಬ್ಬರೂ ನಿರ್ದೇಶಕರು, ಕಮ್ಯುನಿಸ್ಟನೆಂದು ಅವನ ಹೆಸರನ್ನು ಹೇಳಿದರು. ಅಲ್ಲಿಗೆ ಹಾಲಿವುಡ್ ಬಾಗಿಲು ಮುಚ್ಚಿತು.

ಡಾಸಿನ್ ಕುಟುಂಬ ಸಮೇತ ಪ್ಯಾರಿಸ್ಸಿಗೆ ಬಂದ. ಫ್ರಾನ್ಸಿನ ಜನಪ್ರಿಯ ಹಾಸ್ಯನಟ ಫೆರ್ನಾಂದೆಲ್ ನಾಯಕನಾಗಿದ್ದ ಚಿತ್ರವೊಂದು ಕೈಗೆ ಸಿಕ್ಕಿತು. ಇನ್ನೇನು ಚಿತ್ರೀಕರಣ ಶುರುವಾಗಬೇಕು ಎನ್ನುವಾಗ ಅದೂ ತಪ್ಪಿತು. ಈ ಮನುಷ್ಯನನ್ನು ಇಟ್ಟುಕೊಂಡರೆ ನಿಮ್ಮ ಯಾವ ಚಿತ್ರವೂ ಅಮೆರಿಕದಲ್ಲಿ ಓಡುವುದಿಲ್ಲ ಎಂದು ಅಟ್ಲಾಂಟಿಕ್‌ನ ಆಚೆಯ ಕಾರ್ಮಿಕ ಸಂಘದ ಧುರೀಣನೊಬ್ಬ ನಿರ್ಮಾಪಕರಿಗೆ ಬೆದರಿಕೆ ಮುಟ್ಟಿಸಿದ್ದ. ಈ ಸಂಗತಿ ಫ್ರೆಂಚ್ ಚಿತ್ರರಂಗದಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿತು, ಡಾಸಿನ್ ಪರವಾಗಿ ಹಲವರು ದನಿ ಎತ್ತಿದರು. ಆದರೆ ಅನುಕಂಪದಿಂದ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ. ಕೆಲಸವಿಲ್ಲದ ಆ ದಿನಗಳಲ್ಲಿ ಆತ ಪ್ಯಾರಿಸ್ಸಿನ ಬೀದಿಗಳಲ್ಲಿ ಸುಮ್ಮನೆ ನಡೆದಾಡುತ್ತಿದ್ದ. ಆ ನಡಿಗೆಯಲ್ಲಿ ಕಣ್ಣಿಗೆ ಬಿದ್ದ ಮೂಲೆಗಳೇ ಮುಂದೆ ಚಿತ್ರದ ಜಾಗಗಳಾದವು.

ಸಮಸ್ಯೆ

ನಿರ್ಮಾಪಕ ಆಂರಿ ಬೆರಾರ್ ಮುಂದಿಟ್ಟದ್ದು ಓಗ್ಯುಸ್ತ್ ಲ ಬ್ರೆತೋಂ ಬರೆದ, 1953ರಲ್ಲಿ ಪ್ರಕಟವಾಗಿ ಚೆನ್ನಾಗಿ ಮಾರಾಟವಾಗಿದ್ದ ಕಾದಂಬರಿ. ಭೂಗತರ ಒಳನುಡಿ ‘ಆರ್ಗೊ’ದಲ್ಲಿ ಬರೆದ ಆ ಪುಸ್ತಕ ಸಾಮಾನ್ಯ ಫ್ರೆಂಚ್ ಓದುಗನಿಗೇ ಕಬ್ಬಿಣದ ಕಡಲೆ, ಫ್ರೆಂಚ್ ಭಾಷೆಯಲ್ಲಿ ಇನ್ನೂ ತಡವರಿಸುತ್ತಿದ್ದ ಅಮೆರಿಕನ್ನನ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಹೆಣಗಿ ಹೆಣಗಿ ಅರ್ಥ ಮಾಡಿಕೊಂಡ ಮೇಲಂತೂ ಪುಸ್ತಕ ಇನ್ನಷ್ಟು ಬೇಡವಾಯಿತು. ಅದರ ಕ್ರೌರ್ಯ ಅವನಿಗೆ ಹೇಸಿಗೆ ಹುಟ್ಟಿಸಿತು. ಖಳರನ್ನು ಉತ್ತರ ಆಫ್ರಿಕಾದವರನ್ನಾಗಿ ಮಾಡಿ ಜನಾಂಗದ ಮೇಲೆ ಕೆಸರೆರಚಿದ ರೀತಿ, ತನ್ನ ಗುರುತಿನ ಕಾರಣಕ್ಕೇ ಓಡಿಸಲ್ಪಟ್ಟವನಿಗೆ ಸಹ್ಯವಾಗುವಂಥದ್ದಾಗಿರಲಿಲ್ಲ.

ಅಲ್ಲಿಗೆ ಅಡಕತ್ತರಿ ಪೂರ್ತಿಯಾಯಿತು. ಒಪ್ಪಿದರೆ ತಾನು ನಂಬದ ಕಥೆಗೆ ಹೆಸರು ಕೊಡಬೇಕು. ಬಿಟ್ಟರೆ ಇನ್ನೊಂದು ಅವಕಾಶ ಬರುತ್ತದೆಂಬ ಭರವಸೆಯಿಲ್ಲ. ಬೇಡವೆನ್ನಲೆಂದೇ ಹೋದವನ ಬಾಯಿಂದ ಹೂಂ ಎಂಬ ಮಾತು ಹೊರಬಿತ್ತೆಂದು ಡಾಸಿನ್ ಮುಂದೆ ಹೇಳಿಕೊಂಡಿದ್ದಾನೆ. ಈ ಕೆಲಸಕ್ಕೆ ಮೊದಲು ಮಾತಾಗಿದ್ದ ಹೆಸರು ಫ್ರೆಂಚ್ ನಿರ್ದೇಶಕ ಜ್ಯಾಂ-ಪಿಯೆರ್ ಮೆಲ್ವಿಲ್‌ನದು. ಮೆಲ್ವಿಲ್ ತನ್ನ ಅಡ್ಡಿಯಿಲ್ಲವೆಂದು ಸರಿದು ನಿಂತ. ಡಾಸಿನ್‌ನ ಹಸಿವನ್ನು ಬಲ್ಲವನ ಸೌಜನ್ಯ ಅದು ಎಂದು ನಾನು ಓದಿಕೊಳ್ಳುತ್ತೇನೆ.

ಹಣವೂ ಕಡಿಮೆ. ಚಿತ್ರದ ಒಟ್ಟು ಬಂಡವಾಳ ಸುಮಾರು 2 ಲಕ್ಷ ಡಾಲರ್. ಬರೆಯುವುದು, ನಿರ್ದೇಶಿಸುವುದು, ಕೊನೆಗೆ ನಟಿಸುವುದು ಎಲ್ಲ ಸೇರಿ ಡಾಸಿನ್‌ಗೆ ದಕ್ಕಿದ್ದು 8,000 ಡಾಲರ್. ದೊಡ್ಡ ತಾರೆಯರ ಮಾತೇ ಇರಲಿಲ್ಲ.

ಕೈಗೊಂಡ ನಿರ್ಧಾರಗಳು

ಮೊದಲ ನಿರ್ಧಾರವೇ ಮುಖ್ಯವಾದದ್ದು, ಮತ್ತು ಇದನ್ನು ಕಥೆ ಬದಲಿಸುವುದು ಎಂದು ಕರೆದರೆ ತಪ್ಪಾಗುತ್ತದೆ. ಡಾಸಿನ್ ಬದಲಿಸಿದ್ದು ಪ್ರಮಾಣವನ್ನು. ಸುಮಾರು 250 ಪುಟಗಳ ಕಾದಂಬರಿಯಲ್ಲಿ ಆಭರಣದಂಗಡಿಯ ಕಳವು ಹೆಚ್ಚೆಂದರೆ ಹತ್ತು ಪುಟ ಆಕ್ರಮಿಸುತ್ತದೆ. ಉಳಿದದ್ದೆಲ್ಲ ಅದರ ಹಿಂದುಮುಂದಿನ ಹೊಡೆದಾಟ, ಹಗೆತನ, ರಕ್ತ. ಆ ಹತ್ತು ಪುಟಗಳನ್ನು ಹಿಗ್ಗಿಸಿ ಚಿತ್ರದ ಕಾಲುಭಾಗ ಮಾಡಿದರೆ ತನಗೆ ಬೇಡವಾದದ್ದಕ್ಕೆ ಜಾಗವೇ ಉಳಿಯುವುದಿಲ್ಲ ಎಂಬ ಲೆಕ್ಕ ಅವನದು. ಆರೇ ದಿನಗಳಲ್ಲಿ ಚಿತ್ರಕಥೆ ಮುಗಿಯಿತು. ಅದನ್ನು ಫ್ರೆಂಚ್ ಸಂಭಾಷಣೆಗೆ ಒಗ್ಗಿಸುವಲ್ಲಿ ರೆನೆ ವೀಲರ್ ಜೊತೆಗಿದ್ದ.

ಎರಡನೆಯದು ಖಳರ ಪ್ರಶ್ನೆ. ಉತ್ತರ ಆಫ್ರಿಕಾದವರು ಬೇಡವೆಂದಾದ ಮೇಲೆ ಅವರನ್ನು ಅಮೆರಿಕನ್ನರನ್ನಾಗಿ ಮಾಡೋಣ ಎಂಬ ಸಲಹೆ ನಿರ್ಮಾಪಕನಿಂದ ಬಂತು. ತನ್ನನ್ನು ಓಡಿಸಿದ ದೇಶದ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಡಾಸಿನ್ ಅದನ್ನೂ ತಳ್ಳಿಹಾಕಿದ. ಖಳರು ಗ್ರುಟರ್ ಎಂಬ ಅಡ್ಡಹೆಸರಿನ ಸಹೋದರರಾದರು. ಇಲ್ಲಿ ಅವನ ವಿವೇಕ ನನಗೆ ಎದ್ದು ಕಾಣುತ್ತದೆ: ಒಂದು ಜನಾಂಗದ ಮೇಲಿನ ಮಸಿಯನ್ನು ಒರೆಸಿ ಇನ್ನೊಂದು ದೇಶದ ಮುಖಕ್ಕೆ ಬಳಿಯುವುದರಿಂದ ಚಿತ್ರ ಶುದ್ಧವಾಗುವುದಿಲ್ಲ.

ಲೇಖಕನಿಗೆ ಇದು ರುಚಿಸಲಿಲ್ಲ. ಸ್ವತಃ ಭೂಗತ ಲೋಕದ ಒಡನಾಟವಿದ್ದ ಲ ಬ್ರೆತೋಂ ಚಿತ್ರಕಥೆ ಓದಿ ಬಂದು, ನನ್ನ ಪುಸ್ತಕ ಎಲ್ಲಿ ಎಂದು ಕೇಳಿ, ಪಿಸ್ತೂಲನ್ನು ತೆಗೆದು ಮೇಜಿನ ಮೇಲಿಟ್ಟನಂತೆ. ಡಾಸಿನ್‌ಗೆ ನಗು ತಡೆಯಲಾಗಲಿಲ್ಲ. ಆ ನಗುವನ್ನು ಕಂಡು ಲೇಖಕನೂ ಕರಗಿದ, ಇಬ್ಬರೂ ಗೆಳೆಯರಾದರು ಎಂಬುದು ನಿರ್ದೇಶಕನ ಬಾಯಿಂದಲೇ ಬಂದ ಕಥೆ. ಕಥೆ ಹೇಳುವುದರಲ್ಲಿ ಆತ ಜಾಣ ಎಂಬುದನ್ನು ನೆನಪಿಟ್ಟುಕೊಂಡೇ ಇದನ್ನು ಕೇಳಬೇಕು. ಚಿತ್ರದೊಳಗೆ ಪಾತ್ರಗಳು ಯಾರೂ ‘ರಿಫಿಫಿ’ ಎಂಬ ಪದವನ್ನು ಆಡುವುದಿಲ್ಲ. ಹಾಗಾಗಿ ಅದರ ಅರ್ಥ, ಅಂದರೆ ಗಂಡಸರ ರಗಳೆ, ಬಡಿದಾಟ, ತಿಳಿಯಲೆಂದೇ ರಾತ್ರಿಕ್ಲಬ್ಬಿನ ಗಾಯಕಿಯ ಪಾತ್ರ ಮಾಡಿದ ಮಗಾಲಿ ನೊಯೆಲ್‌ಳಿಂದ ಒಂದು ಹಾಡನ್ನು ಹಾಡಿಸಲಾಯಿತು.

ಚಿತ್ರೀಕರಣದಲ್ಲಿ ಆತ ಹಿಡಿದ ಹಟ ಬಿಸಿಲಿನದು. ಪ್ಯಾರಿಸ್ ಬೂದುಬಣ್ಣದಲ್ಲೇ ಕಾಣಬೇಕು. ಬಿಸಿಲು ಬಂದರೆ ಅಂದಿನ ಹೊರಾಂಗಣ ಕೆಲಸ ಬಂದ್. ಛಾಯಾಗ್ರಾಹಕ ಫಿಲಿಪ್ ಅಗೋಸ್ತಿನಿ ಹಿಡಿದ ಒದ್ದೆ ಕಲ್ಲುಹಾಸಿನ ಬೀದಿಗಳು, ಬೆಳಗಿನ ಜಾವದ ಮಂಕು ಆಕಾಶ ಈ ಹಟದ ಫಲ. ದಿನದ ಖರ್ಚು ಲೆಕ್ಕ ಹಾಕುವ ನಿರ್ಮಾಪಕ ಆಕಾಶ ನೋಡಿ ತಲೆ ಚಚ್ಚಿಕೊಂಡಿರಬೇಕು. ಅವನಿಗೆ ಇನ್ನೊಂದು ನಿರಾಸೆಯೂ ಕಾದಿತ್ತು: ಆಗ ಫ್ರಾನ್ಸಿನಲ್ಲಿ ಮುಷ್ಟಿಯುದ್ಧವಿದ್ದ ಅಪರಾಧ ಚಿತ್ರಗಳು ಚೆನ್ನಾಗಿ ಓಡುತ್ತಿದ್ದವು, ಡಾಸಿನ್ ಅಂಥ ಹೊಡೆದಾಟ ಬೇಡವೆಂದ. ಕಲಾ ನಿರ್ದೇಶಕ ಅಲೆಕ್ಸಾಂದ್ರ್ ತ್ರೌನರ್ ಹಂಗೇರಿಯಿಂದ ಬಂದು ಫ್ರೆಂಚ್ ಚಿತ್ರರಂಗದ ಅತಿ ಗೌರವಾನ್ವಿತ ಕುಶಲಕರ್ಮಿಯಾಗಿದ್ದವನು. ತನ್ನ ದರಕ್ಕಿಂತ ಕಡಿಮೆ ಸಂಭಾವನೆಗೆ ಈ ಚಿತ್ರಕ್ಕೆ ದುಡಿದ.

ನಾಯಕ ಟೋನಿಯ ಪಾತ್ರಕ್ಕೆ ಬಂದವನು ಬೆಲ್ಜಿಯಂನ ಜ್ಯಾಂ ಸೆರ್ವೆ; ಕುಡಿತದಿಂದಾಗಿ ಅವನ ನಟನಾ ಜೀವನ ಇಳಿಮುಖವಾಗಿತ್ತು, ಹಾಗಾಗಿ ಕೈಗೆಟಕುವ ಬೆಲೆಗೆ ಸಿಕ್ಕ. ಜೈಲಿನಿಂದ ಬಿಡುಗಡೆಯಾಗಿ, ಕೆಮ್ಮುತ್ತ, ಇಸ್ಪೀಟಿನಲ್ಲಿ ಸೋಲುತ್ತ ಕುಳಿತ ಟೋನಿಗೆ ಆ ದಣಿದ ಮುಖಕ್ಕಿಂತ ಒಪ್ಪುವ ಮುಖ ಯಾವ ತಾರೆಯ ಬಳಿಯೂ ಇರಲಿಲ್ಲ. ತಿಜೋರಿ ಒಡೆಯುವ ನಿಪುಣ, ಮಿಲಾನಿನ ಸೀಸರ್‌ನ ಪಾತ್ರಕ್ಕೆ ಗೊತ್ತುಮಾಡಿದ್ದ ಇಟಲಿಯ ನಟ ಬರದೇ ಹೋದಾಗ ಡಾಸಿನ್ ತಾನೇ ಮೀಸೆ, ಬೋ ಟೈ ಧರಿಸಿ ನಿಂತ. ಶೀರ್ಷಿಕೆಪಟ್ಟಿಯಲ್ಲಿ ನಟನಾಗಿ ಅವನ ಹೆಸರು ಪೆರ್ಲೊ ವೀಟಾ.

ಆ ಅರ್ಧ ಗಂಟೆ

ರು ದ ಲ ಪೇ ಬೀದಿಯ ಆಭರಣದಂಗಡಿ. ಮೇಲಿನ ಮನೆಯೊಳಕ್ಕೆ ನುಗ್ಗಿ, ಅಲ್ಲಿದ್ದವರನ್ನು ಕಟ್ಟಿಹಾಕಿ, ನೆಲವನ್ನು ಕೊರೆದು ಅಂಗಡಿಯೊಳಕ್ಕೆ ಇಳಿಯಬೇಕು. ಅಂಗಡಿಯ ಎಚ್ಚರಗಂಟೆ ಅತಿ ಸೂಕ್ಷ್ಮ. ಸಣ್ಣ ಅದುರು ಸಾಕು, ಅರಚಿಬಿಡುತ್ತದೆ. ಈ ಸೂಕ್ಷ್ಮತೆಯೇ ಡಾಸಿನ್‌ಗೆ ಬೇಕಾದ ಸಲಕರಣೆಯಾಯಿತು. ಕಳ್ಳರು ಮಾತಾಡುವಂತಿಲ್ಲ ಎಂಬ ನಿಯಮವನ್ನು ಹೇರಿದವನು ನಿರ್ದೇಶಕನಲ್ಲ, ಆ ಯಂತ್ರ. ಅದು ಹಾಗೆ ವರ್ತಿಸುವುದನ್ನು ಪ್ರೇಕ್ಷಕ ಮೊದಲೇ ನೋಡಿ ಬಿಟ್ಟಿರುತ್ತಾನೆ, ಏಕೆಂದರೆ ಅಂಥದೇ ಒಂದು ಗಂಟೆಯನ್ನು ತಂದಿಟ್ಟುಕೊಂಡು ನಾಲ್ವರು ಕಳ್ಳರೂ ಪ್ರಯೋಗ ನಡೆಸಿ, ಬೆಂಕಿ ಆರಿಸುವ ಯಂತ್ರದ ನೊರೆ ತುಂಬಿದರೆ ಅದರ ಬಾಯಿ ಕಟ್ಟುತ್ತದೆ ಎಂಬುದನ್ನು ಕಂಡುಕೊಂಡಿರುತ್ತಾರೆ.

ಆ ಮೇಲೆ ಸುಮಾರು ಅರ್ಧ ಗಂಟೆ ಒಂದೂ ಮಾತಿಲ್ಲ, ಒಂದು ಎಳೆ ಸಂಗೀತವೂ ಇಲ್ಲ. ಉಳಿಗೆ ಬೀಳುವ ಮೆತ್ತನೆಯ ಪೆಟ್ಟು, ಉಸಿರು, ತಡೆಹಿಡಿದ ಕೆಮ್ಮು, ಹಗ್ಗದ ಜೀರುದನಿ. ಬೆರಳು ತೂರುವಷ್ಟು ತೂತಾದೊಡನೆ ಮಡಿಸಿದ ಛತ್ರಿಯೊಂದನ್ನು ಅದರೊಳಗಿಂದ ಕೆಳಗಿಳಿಸಿ ಬಿಚ್ಚುತ್ತಾರೆ. ತೂತು ಹಿಗ್ಗಿದಂತೆ ಉದುರುವ ಗಾರೆಯ ಚೂರುಗಳು ನೆಲಕ್ಕೆ ಬೀಳದೆ ಆ ತಲೆಕೆಳಗಾದ ಕಪ್ಪು ಬಟ್ಟಲಿನೊಳಗೆ ಬಂದು ಕೂರುತ್ತವೆ. ಮನೆಯ ಮೂಲೆಯಲ್ಲಿ ನಿಂತಿರುವ ಛತ್ರಿಗೆ ಇಂಥದೊಂದು ಕೆಲಸವೂ ಉಂಟೆಂದು ಅದುವರೆಗೆ ಯಾರಿಗೆ ಹೊಳೆದಿತ್ತು? ಹಗ್ಗ ಹಿಡಿದು ಇಳಿಯುತ್ತಾರೆ, ಗಂಟೆಗೆ ನೊರೆ ತುಂಬುತ್ತಾರೆ. ಬಳಿಕ ತಿಜೋರಿಯ ಹಿಂಬದಿಯನ್ನು ಕೊರೆಯುವ ಕೆಲಸ. ನಾಲ್ವರಿಗೂ ತಂತಮ್ಮ ಪಾಲಿನ ಕೆಲಸ ಗೊತ್ತು. ಒಬ್ಬ ಕೈ ಚಾಚಿದರೆ ಇನ್ನೊಬ್ಬ ಸರಿಯಾದ ಉಪಕರಣವನ್ನೇ ಇಡುತ್ತಾನೆ. ಇವರು ಕಳ್ಳರು ಎಂಬುದು ಮರೆತುಹೋಗಿ, ನುರಿತ ಬಡಗಿಗಳ ಕೆಲಸ ನೋಡುತ್ತಿದ್ದೇವೆ ಎನ್ನಿಸುವ ಗಳಿಗೆ ಬರುತ್ತದೆ. ಚಿತ್ರದ ನೈತಿಕ ಅಪಾಯ ಇರುವುದೂ ಅಲ್ಲಿಯೇ.

ಈ ಮೌನಕ್ಕೊಂದು ತಿರುವು ಧ್ವನಿಕೋಣೆಯಲ್ಲಿ ಬಂತು. ಸಂಗೀತ ನಿರ್ದೇಶಕ ಜೋರ್ಜ್ ಓರಿಕ್ ಹೆಸರಾಂತ ರಚನಕಾರ. ಕಳವಿನ ಭಾಗಕ್ಕೆ ಸಂಗೀತ ಬೇಡವೆಂದು ಡಾಸಿನ್ ಹೇಳಿದಾಗ ಓರಿಕ್ ಒಪ್ಪಲಿಲ್ಲ. ಅರ್ಧ ಗಂಟೆ ಬರಿಯ ಮೌನವನ್ನು ಪ್ರೇಕ್ಷಕರು ತಡೆಯುವುದಿಲ್ಲ, ನಿನ್ನನ್ನು ಉಳಿಸಲಾದರೂ ನಾನು ಬರೆದಿಡುತ್ತೇನೆ ಎಂಬ ಕಾಳಜಿಯಿಂದ ಇಡೀ ಭಾಗಕ್ಕೆ ಸಂಗೀತ ರಚಿಸಿದ. ಡಾಸಿನ್ ವಾದಕ್ಕಿಳಿಯಲಿಲ್ಲ. ಒಮ್ಮೆ ಸಂಗೀತದೊಂದಿಗೆ, ಒಮ್ಮೆ ಸಂಗೀತವಿಲ್ಲದೆ, ಅದೇ ದೃಶ್ಯವನ್ನು ಓರಿಕ್‌ಗೆ ಎರಡು ಸಲ ತೋರಿಸಿದ. ನೋಡಿ ಮುಗಿಸಿದ ಓರಿಕ್ ತಾನು ಬರೆದದ್ದನ್ನು ತಾನೇ ತೆಗೆಸಿದ.

ಸೀಸರ್‌ನ ಶಿಕ್ಷೆ

ಕಳವು ಗೆಲ್ಲುತ್ತದೆ, ಮನುಷ್ಯ ಸೋಲುತ್ತಾನೆ. ಸೀಸರ್ ತನ್ನ ಜೇಬಿಗಿಳಿಸಿದ ಒಂದು ಉಂಗುರವನ್ನು ಕ್ಲಬ್ಬಿನ ಗಾಯಕಿಗೆ ಉಡುಗೊರೆ ಕೊಡುತ್ತಾನೆ. ಅದು ಗ್ರುಟರ್ ಸಹೋದರರ ಕಣ್ಣಿಗೆ ಬೀಳುತ್ತದೆ. ಸೀಸರ್‌ನನ್ನು ಹಿಡಿದಾಗ ಅವನು ಗೆಳೆಯರ ಹೆಸರು ಬಾಯಿಬಿಡುತ್ತಾನೆ. ಕ್ಲಬ್ಬಿನ ರಂಗದ ಹಿಂದೆ, ಹಳೆಯ ಪರಿಕರಗಳ ರಾಶಿಯ ನಡುವೆ ಕಟ್ಟಿಹಾಕಿದ ಸ್ಥಿತಿಯಲ್ಲಿ ಅವನು ಟೋನಿಗೆ ಸಿಗುತ್ತಾನೆ. ಅವನು ಕ್ಷಮೆ ಕೇಳುತ್ತಾನೆಯೇ ಹೊರತು ಜೀವಭಿಕ್ಷೆ ಬೇಡುವುದಿಲ್ಲ. ನಿಯಮ ಅವನಿಗೂ ಗೊತ್ತು. ನೀನು ನನಗೆ ಇಷ್ಟದವನಾಗಿದ್ದೆ ಎಂದು ಹೇಳಿಯೇ ಟೋನಿ ಗುಂಡು ಹಾರಿಸುತ್ತಾನೆ.

ಹೆಸರು ಹೇಳಿದವರಿಂದ ಬದುಕು ಕಳೆದುಕೊಂಡ ಮನುಷ್ಯ, ಹೆಸರು ಹೇಳುವ ಪಾತ್ರವನ್ನು ತಾನೇ ಹೊತ್ತು, ತನ್ನ ಕೈಯಾರೆ ಬರೆದ ಶಿಕ್ಷೆಯನ್ನು ತನ್ನ ಮೈಮೇಲೆ ಚಿತ್ರಿಸಿಕೊಂಡ. ಆ ದೃಶ್ಯದ ಹೊತ್ತಿನಲ್ಲಿ, ಕಪ್ಪುಪಟ್ಟಿಯ ದಿನಗಳಲ್ಲಿ ಕೈಕೊಟ್ಟ ತನ್ನ ಗೆಳೆಯರು ಮನಸ್ಸಿನಲ್ಲಿದ್ದರು ಎಂದು ಡಾಸಿನ್ ಮುಂದೆ ಒಪ್ಪಿಕೊಂಡಿದ್ದಾನೆ. ಇದನ್ನು ಸೇಡಿನ ದೃಶ್ಯ ಎನ್ನುವ ವಿಮರ್ಶಕರಿದ್ದಾರೆ, ನನಗೆ ಹಾಗೆನ್ನಿಸುವುದಿಲ್ಲ. ಸೇಡಾಗಿದ್ದರೆ ಸೀಸರ್ ಹೇಡಿಯಾಗಿ, ತಿರಸ್ಕಾರಕ್ಕೆ ತಕ್ಕವನಾಗಿ ಸಾಯುತ್ತಿದ್ದ. ಇಲ್ಲಿ ಅವನು ಚಿತ್ರದ ಅತ್ಯಂತ ಲವಲವಿಕೆಯ ಮನುಷ್ಯ. ಸಾಯುವಾಗ ಪ್ರೇಕ್ಷಕನ ಮನಸ್ಸು ಕೊಂದವನ ಕಡೆಗಿಂತ ಅವನ ಕಡೆಗೇ ವಾಲುತ್ತದೆ. ಇಟಲಿಯ ನಟ ಸಮಯಕ್ಕೆ ಸರಿಯಾಗಿ ಬಂದಿದ್ದರೆ ದೃಶ್ಯಕ್ಕೆ ಈ ತೂಕ ಬರುತ್ತಿರಲಿಲ್ಲ ಎಂಬುದೂ ನಿಜ.

ಮುಂದೇನಾಯಿತು

ಚಿತ್ರ 1955ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಬಿಡುಗಡೆಯಾಗಿ ಗೆದ್ದಿತು. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಡಾಸಿನ್‌ಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ, ಸೋವಿಯತ್ ನಿರ್ದೇಶಕ ಸೆರ್ಗೈ ವಾಸಿಲ್ಯೆವ್ ಜೊತೆ ಹಂಚಿಕೆಯಾಗಿ, ದೊರಕಿತು. ಅಮೆರಿಕದಿಂದ ಹೊರದಬ್ಬಿಸಿಕೊಂಡವನು ಫ್ರಾನ್ಸಿನ ಚಿತ್ರ ಹಿಡಿದು ಆ ವೇದಿಕೆಯಲ್ಲಿ ನಿಂತಿದ್ದ. ಆಗಿನ್ನೂ ವಿಮರ್ಶಕನಾಗಿದ್ದ ಫ್ರಾಂಸ್ವಾ ತ್ರೂಫೊ, ತಾನು ಓದಿದ ಅತಿ ಕೆಟ್ಟ ಅಪರಾಧ ಕಾದಂಬರಿಯಿಂದ ತಾನು ನೋಡಿದ ಅತ್ಯುತ್ತಮ ಅಪರಾಧ ಚಿತ್ರ ಹುಟ್ಟಿದೆ ಎಂಬರ್ಥದಲ್ಲಿ ಬರೆದ. ಲ ಬ್ರೆತೋಂ ಮಟ್ಟಿಗೆ ಇದು ಕೊಂಚ ಅತಿಯಾಯಿತು. ಹತ್ತೇ ಪುಟವಾದರೂ ಕಳವಿನ ಬೀಜ ಅವನದೇ ತಾನೆ.

ಕಳವಿನ ವಿಧಾನವನ್ನು ಇಷ್ಟು ವಿವರವಾಗಿ ತೋರಿಸಿದ್ದಕ್ಕೆ ಆಕ್ಷೇಪಗಳೂ ಬಂದವು; ಮೆಕ್ಸಿಕೊದಲ್ಲಿ ಅದೇ ಮಾದರಿಯ ಕನ್ನಗಳು ನಡೆದವೆಂದು ಚಿತ್ರವನ್ನೇ ನಿಷೇಧಿಸಿದರು. ಕಳ್ಳತನ ಎಷ್ಟು ಕಷ್ಟದ ಕಸುಬು ಎಂಬುದನ್ನಷ್ಟೇ ತಾನು ತೋರಿಸಿದ್ದೇನೆ ಎಂಬುದು ಡಾಸಿನ್‌ನ ಸಮಜಾಯಿಷಿ. ಅಮೆರಿಕದಲ್ಲಿ ಚಿತ್ರ ತೆರೆ ಕಾಣುವ ಮುನ್ನ ಅವನ ಮುಂದೆ ಒಂದು ಷರತ್ತು ಬಂತು: ಹಿಂದೆ ದಾರಿ ತಪ್ಪಿದ್ದೆ, ಮೋಸಹೋಗಿದ್ದೆ ಎಂದು ಬರೆದುಕೊಡಬೇಕು, ಇಲ್ಲವಾದರೆ ಹೆಸರು ತೆಗೆಯಲಾಗುವುದು. ಡಾಸಿನ್ ಬರೆದುಕೊಡಲಿಲ್ಲ. ಹೊಸದಾಗಿ ಹುಟ್ಟುಹಾಕಿದ ಒಂದು ನೆಪಮಾತ್ರದ ಕಂಪನಿಯ ಮೂಲಕ ಚಿತ್ರ ಹೊರಬಂದಾಗ ತೆರೆಯ ಮೇಲೆ ಅವನ ಹೆಸರು ಹಾಗೇ ಇತ್ತು.

ಈ ಪ್ರಕರಣದಿಂದ ಏನು ತಿಳಿಯುತ್ತದೆ

ಕೊರತೆಯೇ ಕಲೆಯ ತಾಯಿ ಎಂದು ಇಂಥ ಕಥೆಗಳನ್ನು ಮುಗಿಸುವ ಚಾಳಿಯಿದೆ. ಆ ತೀರ್ಮಾನವನ್ನು ನಾನು ಒಪ್ಪಲಾರೆ. 1950ರಿಂದ 1955ರವರೆಗೆ, ಕೈ ಪಳಗಿದ ವಯಸ್ಸಿನಲ್ಲಿ, ಡಾಸಿನ್ ಒಂದೂ ಕಥಾಚಿತ್ರ ಮಾಡಲಾಗಲಿಲ್ಲ; ಆ ಐದು ವರ್ಷಗಳಲ್ಲಿ ಹುಟ್ಟದೇ ಹೋದ ಚಿತ್ರಗಳನ್ನು ಯಾವ ಪ್ರಶಸ್ತಿಯೂ ತುಂಬಿಕೊಡುವುದಿಲ್ಲ. ಪ್ರಕರಣದಿಂದ ಕಲಿಯಬಹುದಾದದ್ದು ಅದಕ್ಕಿಂತ ಸಣ್ಣದು, ಆದರೆ ಕೈಗೆ ಸಿಗುವಂಥದ್ದು. ಬೇಡವಾದ ಮೂಲಕೃತಿ ಎದುರಾದಾಗ ಅದನ್ನು ಸಾಲುಸಾಲಾಗಿ ತಿದ್ದಲು ಹೊರಟರೆ ಲೇಖಕನೊಂದಿಗೂ ನಿರ್ಮಾಪಕನೊಂದಿಗೂ ಪ್ರತಿ ಸಾಲಿಗೂ ಜಗಳವಾಡಬೇಕಾಗುತ್ತದೆ. ಅದರಲ್ಲೇ ಇರುವ ನಂಬಬಹುದಾದ ಹತ್ತು ಪುಟಗಳನ್ನು ಹುಡುಕಿ ಅವಕ್ಕೆ ಕಾಲ ಕೊಟ್ಟರೆ ಉಳಿದವು ತಾವಾಗಿ ಕುಗ್ಗುತ್ತವೆ. ಜೊತೆಗಾರ ಒಪ್ಪದಿದ್ದಾಗ ವಾದದ ಬದಲು ಎರಡೂ ರೂಪಗಳನ್ನು ಅವನೆದುರು ಇಟ್ಟು ತೀರ್ಪನ್ನು ಅವನಿಗೇ ಬಿಡುವ ಧೈರ್ಯ ಇನ್ನೊಂದು. ಇದು ಫಲಿಸಲು ಎದುರಿಗಿರುವವನು ಓರಿಕ್‌ನಂಥ ದೊಡ್ಡವನಾಗಿರಬೇಕು ಎಂಬುದನ್ನೂ ಮರೆಯಬಾರದು.

ಬೇಡದ್ದನ್ನು ಕುಗ್ಗಿಸುವ ಈ ವಿಧಾನ ಎಲ್ಲ ಕಡೆಯೂ ಕೆಲಸ ಮಾಡಲಿಲ್ಲ. ಜೈಲಿನಿಂದ ಬಂದ ಟೋನಿ ತನ್ನ ಹಳೆಯ ಪ್ರೇಯಸಿ ಮಾದೊಳ ಒಡವೆ, ಬಟ್ಟೆ ಕಳಚಿಸಿ ಬೆಲ್ಟಿನಿಂದ ಹೊಡೆಯುವ ದೃಶ್ಯ ಚಿತ್ರದ ಮೊದಲ ಭಾಗದಲ್ಲೇ ಇದೆ. ಪುಸ್ತಕದ ಕ್ರೌರ್ಯಕ್ಕೆ ಹೇಸಿದವನು ಈ ದೃಶ್ಯವನ್ನು ಏಕೆ ಉಳಿಸಿದ ಎಂಬ ಪ್ರಶ್ನೆಗೆ ಚಿತ್ರದೊಳಗೆ ತೃಪ್ತಿಕರ ಉತ್ತರವಿಲ್ಲ. ಕ್ಯಾಮೆರಾ ಬೇರೆಡೆ ತಿರುಗುತ್ತದೆ, ಪೆಟ್ಟಿನ ಸದ್ದು ಕೇಳುತ್ತದೆ, ಚಿತ್ರ ಮುಂದಕ್ಕೆ ಸಾಗುತ್ತದೆ. ಇಂದು ಕುಳಿತು ನೋಡುವವರಿಗೆ ಅದು ಅಷ್ಟು ಸುಲಭವಾಗಿ ಮುಂದೆ ಸಾಗುವುದಿಲ್ಲ.

ಮೌನ ಬರಿಯ ಬಡತನದ ಕೂಸಾಗಿತ್ತೇ ಎಂಬ ಅನುಮಾನವನ್ನು ಪರೀಕ್ಷಿಸಲು ಅದೃಷ್ಟವಶಾತ್ ಎರಡನೆಯ ನಿದರ್ಶನವೊಂದಿದೆ. 1964ರಲ್ಲಿ ಡಾಸಿನ್ ‘ಟೋಪ್‌ಕಾಪಿ’ ಮಾಡಿದ. ಈಗ ಬಣ್ಣವಿತ್ತು, ಹಣವಿತ್ತು, ಕಾನ್‌ನಲ್ಲೇ ಮೊದಲು ಭೇಟಿಯಾದ ಗ್ರೀಕ್ ನಟಿ ಮೆಲಿನಾ ಮೆರ್ಕೂರಿ ನಾಯಕಿಯಾಗಿದ್ದಳು. ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿ ಕಾಲಿಟ್ಟರೆ ಕೂಗುವ ನೆಲ, ಮೇಲಿನಿಂದ ಹಗ್ಗದಲ್ಲಿ ಇಳಿಯುವ ಮನುಷ್ಯ, ಮತ್ತೆ ಅದೇ ಉಸಿರು ಬಿಗಿಹಿಡಿದ ಮಾತಿಲ್ಲದ ಕೆಲಸ. ಕೊರತೆಯಿಲ್ಲದಾಗಲೂ ಆತ ಮೌನವನ್ನೇ ಆರಿಸಿಕೊಂಡ. ಎಲ್ಲ ಸುಸೂತ್ರವಾಗಿ ಮುಗಿದು, ಕಳ್ಳರು ಹೊರಟುಹೋದ ಮೇಲೆ, ಅವರ ಜೊತೆಗೆ ಒಳನುಗ್ಗಿದ್ದ ಒಂದು ಪುಟ್ಟ ಹಕ್ಕಿ ಬಂದು ಆ ನೆಲದ ಮೇಲೆ ಕೂರುತ್ತದೆ.